ಹರಕೆ ಸಂದಾಯ

ಒಂದು ಊರಿನ ದೇವರಿಗೆ ಹೇಳಿಕೊಂಡ ಹರಕೆಯನ್ನು ಇನ್ನೊಂದು ಊರಿನಲ್ಲಿ ತೀರಿಸಿದರೆ ಅದು ಸಂದಾಯವಾಗುತ್ತದೆಯೇ ಎಂಬ ಪ್ರಶ್ನೆಯನ್ನು ಕರುಣಾಕರ ಯಾರಲ್ಲಿಯೂ ಕೇಳುವಂತಿರಲಿಲ್ಲ. ಕೇಳಿದರೆ ಯಾವ ಹರಕೆ ಎನ್ನುತ್ತಾರೆ. ಯಾವ ಹರಕೆ ಎಂದು ಹೇಳಿದರೆ ಯಾಕೆ ಎನ್ನುತ್ತಾರೆ. ಹಾಗಾಗಿ ಮಾರ್ಚ್ ತಿಂಗಳ ಆ ಭಾನುವಾರ ಬೆಳಿಗ್ಗೆ ಮೆಲ್ಬರ್ನಿನ ಎಪ್ಪಿಂಗಿನಲ್ಲಿ, ಶಿವಪ್ರಕಾಶನ ಬಾಡಿಗೆ ಮನೆಯ ಅಡುಗೆಕಟ್ಟೆಯೆದುರು ಎತ್ತರದ ಸ್ಟೂಲಿನ ಮೇಲೆ ಕುಳಿತು, ಶಿವಪ್ರಕಾಶನ ತಾಯಿ ಅನ್ನಪೂರ್ಣವ್ವ ಹಾಕಿದ ಮೂರನೆಯ ರೊಟ್ಟಿಯನ್ನು ಮುರಿಯುತ್ತ ಅವನು ಇಷ್ಟು ಮಾತ್ರ ಹೇಳಿದ: "ಇಲ್ಲಿ ಹತ್ತಿರ ಎಲ್ಲೋ ಜರ್ಮನ್ನರ ಹಳೇ ಚರ್ಚ್ ಒಂದು ಉಂಟಂತೆ. ಇವತ್ತು ತೆರೆದಿರ್ತದಂತೆ. ಫ್ಲೈಟಿಗೆ ಮೊದಲು ನೋಡಿಕೊಂಡು ಬರಬಹುದಿತ್ತು."

"ಚರ್ಚ್ ಯಾಕ್ರೀ ಕರುಣಾಕರ್?" ಎಂದ ಶಿವಪ್ರಕಾಶ. "ಮಂದಿ ಮೆಲ್ಬರ್ನಿಗೆ ಬಂದ್ರ ಪೆಂಗ್ವಿನ್ ನೋಡ್ತಾರ."

"ಪೆಂಗ್ವಿನ್ ಸಂಜೆ ಬರುವುದಲ್ವಾ."

"ಅಂದ್ರ ಅದು ಇಲ್ಲಂತ ಇದು. ಆತು ಬರ್ರಿ, ಹೋಗೂಣು. ನಮಗೇನ್ ಬ್ಯಾರೆ ಕೆಲಸೈತಿ?"

ಕೊನೆಯ ಮಾತನ್ನು ಶಿವಪ್ರಕಾಶ ಬೇರೇನೂ ಅರ್ಥವಿಲ್ಲದೆ ಆಡಿದ್ದ. ಆದರೂ ಕರುಣಾಕರ ರೊಟ್ಟಿಯ ತುಣುಕನ್ನು ಎಣ್ಣೆಗಾಯಿಯಲ್ಲಿ ಅದ್ದಿ, ಬಾಯಿಗಿಡದೆ ಮತ್ತೊಮ್ಮೆ ಅದ್ದಿದ. ಆರು ವರ್ಷ ಇಬ್ಬರೂ ಸಿಡ್ನಿಯ ದಿ ಪಾಂಡ್ಸಿನಲ್ಲಿ ಎರಡು ಬೀದಿ ಆಚೀಚೆ ಇದ್ದವರು, ಟಲ್ಲವಾಂಗಿನಲ್ಲಿ ಒಂದೇ ಮೆಟ್ರೋ ಹತ್ತಿ ನಾರ್ತ್ ಸಿಡ್ನಿಯ ಒಂದೇ ಆಫೀಸಿಗೆ ಹೋಗಿ, ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ಒಂದೇ ಕೆಲಸವನ್ನು ಅಕ್ಕಪಕ್ಕದ ಮೇಜಿನಲ್ಲಿ ಮಾಡುತ್ತಿದ್ದವರು. ಅಕ್ಟೋಬರಿನಲ್ಲಿ ಎರಡು ಮೇಜು ಒಂದಾಯಿತು. ಕೆಲಸ ಹೋದ ಶಿವಪ್ರಕಾಶ ಎರಡು ತಿಂಗಳು ಮನೆಯಲ್ಲಿ ಕುಳಿತು, ಆಮೇಲೆ ಮೆಲ್ಬರ್ನಿನಲ್ಲಿ ಆರು ತಿಂಗಳ ಕಾಂಟ್ರಾಕ್ಟೊಂದು ಹಿಡಿದು ಇಲ್ಲಿಗೆ ಬಂದ. ಮಕ್ಕಳ ಶಾಲೆ ಕೆಡಬಾರದೆಂದು ಹೆಂಡತಿ ಶಾಂಭವಿ ಅಲ್ಲೇ ಉಳಿದಳು. ಅವಳು ದೀಪಾವಳಿಯ ಮರುದಿನ ಕರುಣಾಕರನ ಮನೆಗೆ ಬಂದು, ಕುಳಿತುಕೊಳ್ಳದೆ ಬಾಗಿಲಲ್ಲೇ ನಿಂತು, "ಅಣ್ಣಾರೀ, ನೀವು ಇವರಿಗೆ ಎಷ್ಟು ಸಪೋರ್ಟ್ ಮಾಡೀರಿ ಅಂತ ಇವರು ದಿನಾ ಹೇಳ್ತಾರ" ಎಂದಿದ್ದಳು. ಕರುಣಾಕರ ಆಗ "ಅದೆಂತ ದೊಡ್ಡ ಸಂಗತಿ" ಎಂದ. ಆ ಮಾತು ನಿಜವಾಗಿಯೂ ವಿನಯದಂತೆಯೇ ಕೇಳಿಸಿತ್ತು ಎಂಬುದು ಅವನಿಗೆ ಅನಂತರ ಬಹಳ ದಿನ ಕಿರಿಕಿರಿ ಮಾಡಿತು.

ಈ ಸಲ ಕ್ಲೈಂಟ್ ಕೆಲಸಕ್ಕೆ ಮೆಲ್ಬರ್ನಿಗೆ ಹೊರಟಾಗ ಹೆಂಡತಿ ವಿನೋದಾ, ಶನಿವಾರ ಹೋಟೆಲಿನಲ್ಲಿ ಯಾಕೆ ಸಾಯುತ್ತೀರಿ, ಶಿವಪ್ರಕಾಶನ ಮನೆಯಲ್ಲಿ ಉಳಿಯಿರಿ ಎಂದು ಪೆಂಡಲ್ ಹಿಲ್ಲಿನ ಇಂಡಿಯನ್ ಅಂಗಡಿಯಿಂದ ತಂದ ಹಪ್ಪಳ, ಬಾಳೆಕಾಯಿ ಚಿಪ್ಸ್ ಕಟ್ಟಿಕೊಟ್ಟಳು. ಹಪ್ಪಳದ ಕೆಳಗೆ ಕರುಣಾಕರ ತಾನೇ ಒಂದು ಮೇಣದಬತ್ತಿ ಇಟ್ಟುಕೊಂಡ. ಸೂಪರ್‌ಮಾರ್ಕೆಟಿನಲ್ಲಿ ವಾಸನೆಯಿಲ್ಲದ ಮೇಣದಬತ್ತಿ ಇರಲಿಲ್ಲ. ಇದ್ದುದರಲ್ಲಿ ದೊಡ್ಡದು ಗಾಜಿನ ಡಬ್ಬಿಯಲ್ಲಿತ್ತು, ತೆಂಗು ಮತ್ತು ಲಿಂಬೆಯ ಪರಿಮಳದ್ದು. ತೆಂಗು, ಲಿಂಬೆ ಎರಡೂ ಪೂಜೆಗೆ ಸಲ್ಲುವ ವಸ್ತುಗಳೇ ಎಂದು ಅವನು ಬಿಲ್ಲಿಂಗ್ ಕ್ಯೂನಲ್ಲಿ ನಿಂತು ಸಮಾಧಾನ ಮಾಡಿಕೊಂಡ. ಮಗಳು ನಿಶ್ಮಿತಾ ಅದನ್ನು ನೋಡಿ, "ಅಪ್ಪಾ, ಆರ್ ಯೂ ಗೋಯಿಂಗ್ ಟು ಎ ಸ್ಪಾ?" ಎಂದಳು. ಏರ್‌ಪೋರ್ಟಿನಲ್ಲಿ ಬ್ಯಾಗು ತೆಗೆಸಿದವನು ಮುಚ್ಚಳ ಬಿಚ್ಚಿ ಮೂಸಿದ.

ಹರಕೆ ಹೇಳಿಕೊಂಡದ್ದು ಸೆಪ್ಟೆಂಬರಿನಲ್ಲಿ. ಹನ್ನೆರಡು ದಿನದಲ್ಲಿ ಯುರೋಪಿನ ಏಳು ದೇಶ ತೋರಿಸುವ ಬಸ್ಸಿನಲ್ಲಿ ನಲವತ್ತೆರಡು ಜನ. ಮುಂದೆ ಹಳದಿ ಕೊಡೆ ಎತ್ತಿಕೊಂಡ ಗೈಡು. ಆ ಜರ್ಮನ್ ಪಟ್ಟಣದ ಹೆಸರು ಕರುಣಾಕರನಿಗೆ ಸರಿಯಾಗಿ ಹೇಳಲು ಈಗಲೂ ಬರುವುದಿಲ್ಲ. "ಓಲ್ಡ್ ಟೌನ್, ಚರ್ಚ್, ಫಾರ್ಟಿ ಮಿನಿಟ್ಸ್, ಟಾಯ್ಲೆಟ್ ಇನ್‌ಕ್ಲೂಡೆಡ್" ಎಂದು ಗೈಡು ಹೇಳಿದ್ದು ಮಾತ್ರ ನೆನಪಿದೆ. ಕಲ್ಲು ಹಾಸಿದ ಓಣಿ, ಮರದ ಅಡ್ಡಪಟ್ಟಿಗಳ ಮನೆಗಳು, ಒಂದರ ಹೆಗಲಿಗೆ ಒಂದು ಒರಗಿ ಕಿವಿಯಲ್ಲಿ ಏನೋ ಹೇಳಿಕೊಳ್ಳುತ್ತಿರುವ ಹಾಗೆ. ಓಣಿ ಮುಗಿದಲ್ಲಿ ಚರ್ಚು. ಏಳುನೂರು ವರ್ಷ ಹಳೆಯದು. ಯುದ್ಧದಲ್ಲಿ ಅರ್ಧ ಬಿದ್ದು ಮತ್ತೆ ಕಟ್ಟಿದ್ದು. ಹಳೆಯ ಕಲ್ಲು ಕಪ್ಪು, ಹೊಸದು ಬಿಳಿ, ಬಾಂಬು ಎಲ್ಲಿವರೆಗೆ ಬಂದಿತ್ತೆಂದು ಗೋಡೆಯ ಮೇಲೆ ಗೆರೆ ಎಳೆದಂತೆ. ಮಂಡಿ ನೋವಿನ ವಿನೋದಾ ಕೊನೆಯ ಬೆಂಚಿನಲ್ಲಿ ಕುಳಿತು ಕಣ್ಣು ಮುಚ್ಚಿದಳು. ಕರುಣಾಕರ ಬಾಗಿಲ ಹತ್ತಿರ ತನಗರಿವಿಲ್ಲದೆ ಚಪ್ಪಲಿ ಬಿಟ್ಟಿದ್ದ. ಏಳುನೂರು ವರ್ಷದ ಚಳಿ ಅಂಗಾಲಿನಿಂದ ಮೇಲೇರುತ್ತಿತ್ತು. ಅಮ್ಮನೂ ಹೀಗೆಯೇ ಬಿಡಿಸಿದ್ದರು. ಏಳನೆಯ ವಯಸ್ಸಿನಲ್ಲಿ ಟೈಫಾಯಿಡ್ ಇಳಿದ ಮೇಲೆ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕಾರ್ಕಳದ ಬಸ್ಸು ಹತ್ತಿ, ಅತ್ತೂರು ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚಿದ್ದರು. ಅದರ ಹಿಂದಿನ ವಾರ ದೈವದ ಗುಡಿಗೆ, ಮುಂದಿನ ವಾರ ಅಮ್ಮನವರ ದೇವಸ್ಥಾನಕ್ಕೆ. ಅಮ್ಮನಿಗೆ ದೇವರುಗಳಲ್ಲಿ ಎರಡೇ ಜಾತಿ: ಕೆಲಸ ಮಾಡಿಕೊಡುವವರು, ಮಾಡಿಕೊಡದವರು. ಆದ್ದರಿಂದ ಆ ಚರ್ಚಿನಲ್ಲಿ, ಬಣ್ಣದ ಗಾಜಿನ ಕೆಳಗೆ ಬರಿಗಾಲಲ್ಲಿ ನಿಂತ ಕರುಣಾಕರ ತುಳುವಿನಲ್ಲಿ ಮನಸ್ಸಿನೊಳಗೇ ಹೇಳಿಕೊಂಡ: ಇಬ್ಬರಲ್ಲಿ ಒಬ್ಬನನ್ನು ತೆಗೆಯುತ್ತಾರಂತೆ, ನನ್ನನ್ನು ಉಳಿಸು, ಮೇಣದಬತ್ತಿ ಕೊಡುತ್ತೇನೆ. ಟೂರಿಗೆ ಹೊರಡುವ ಮೊದಲು ಮ್ಯಾನೇಜರ್ ವಿಕ್ರಮ್ ಕಾಫಿ ಕುಡಿಯುತ್ತ ಸುಳಿವು ಕೊಟ್ಟಿದ್ದ. ಆಫೀಸಿನಲ್ಲಿ ಇನ್ನಾರಿಗೂ ಗೊತ್ತಿಲ್ಲ ಎಂದೂ ಹೇಳಿದ್ದ.

ಹೇಳಿಕೊಂಡು ಮುಗಿಸುವಷ್ಟರಲ್ಲಿ ಕಿಸೆಯಲ್ಲಿ ಫೋನು ನಡುಗಿತು. ದೇವರು ಇಷ್ಟು ಬೇಗ ಕಾಲ್ ಬ್ಯಾಕ್ ಮಾಡುವುದು ಅತ್ತೂರಿನಲ್ಲಿಯೂ ಕೇಳಿದ್ದಿಲ್ಲ. ವಿಕ್ರಮ್! ರಜೆಯಲ್ಲಿ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆ ಕೇಳಿ, ಆಫ್ ದಿ ರೆಕಾರ್ಡ್ ಎಂದು ಹಿಂದಿ ಭಾಷೆಗೆ ಹೊರಳಿ, ನೀವಿಬ್ಬರೂ ನನಗೆ ಎರಡು ಕಣ್ಣು, ಆದರೂ ಶಿವನ ಬಗ್ಗೆ ನಿನಗೆ ಏನನ್ನಿಸುತ್ತದೆ ಎಂದ. ಕರುಣಾಕರ ಜೋರಾಗಿ "ಹಾಂಜಿ" ಎಂದದ್ದು ಗೋಪುರದವರೆಗೆ ಹೋಗಿ ತಿರುಗಿ ಬಂತು. ಕಾವಲಿನ ಹೆಂಗಸು ತುಟಿಯ ಮೇಲೆ ಬೆರಳಿಟ್ಟು ಇಡೀ ಟೂರಿನವರ ಮುಂದೆ ಅವನನ್ನು ಗದರಿದಳು, ಕಣ್ಣು ಅವನ ಬರಿಗಾಲ ಮೇಲಿತ್ತು. ಅವನು ಕಂಬದ ಹಿಂದೆ, ಮಕ್ಕಳಿಗೆ ದೀಕ್ಷೆ ಕೊಡುವ ಕಲ್ಲಿನ ತೊಟ್ಟಿಯ ಪಕ್ಕಕ್ಕೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಮುಂದಿನ ಏಳು ನಿಮಿಷ ಅವನು ಆಡಿದ್ದೆಲ್ಲ ಪಿಸುಮಾತು. ಶಿವ ಬಂಗಾರದಂಥ ಮನುಷ್ಯ. ಆದರೆ ತಂದೆ ತೀರಿಕೊಂಡ ಮೇಲೆ ಪಾಪ ನಿದ್ದೆ ಇಲ್ಲ, ಹೇಳಿದ್ದು ಮರೆಯುತ್ತಾನೆ. ಜೂನಿನ ರಿಲೀಸಿನಲ್ಲಿ ಒಂದು ಟೆಸ್ಟ್ ಓಡಿಸಲೇ ಇಲ್ಲ, ನಾನೇ ರಾತ್ರಿ ಕುಳಿತು ಸರಿ ಮಾಡಿದೆ. ಯಾರಿಗೂ ಹೇಳಬೇಡ. ಹೌದು, ಇದೆಲ್ಲ ಶಿವಪ್ರಕಾಶ ಮೆಟ್ರೋದಲ್ಲಿ, ಕಿಟಕಿಯ ಕಡೆ ನೋಡುತ್ತ, "ನಿಮ್ಮೊಬ್ಬರಿಗೇ ಹೇಳ್ತೀನ್ರಿ" ಎಂದು ಹೇಳಿದ್ದು. ಬಸ್ಸು ಹತ್ತುವಾಗ ಗೈಡನ್ನು ಮೇಣದಬತ್ತಿ ಎಲ್ಲಿ ಸಿಗುತ್ತದೆಂದು ಕೇಳಿದ. ಇದು ಪ್ರಾಟೆಸ್ಟೆಂಟ್ ಸರ್, ಇಲ್ಲಿ ಅದೆಲ್ಲ ಐನೂರು ವರ್ಷದ ಹಿಂದೆಯೇ ನಿಲ್ಲಿಸಿದ್ದಾರೆ, ಕ್ಯಾಥೊಲಿಕ್ ಚರ್ಚು ಹೊಳೆಯ ಆಚೆ, ನಮಗೆ ಟೈಮಿಲ್ಲ ಎಂದ ಗೈಡು. ಹಾಗೆ ಹರಕೆಗಳನ್ನೇ ತೆಗೆದುಕೊಳ್ಳದ ಕಡೆ ಹಾಕಿದ ಹರಕೆ ಅದು. ಮೂರು ವಾರದಲ್ಲಿ ಫಲ ಕೊಟ್ಟಿತು.

ಆ ಫಲಕ್ಕೆ ಹರಕೆಯೇ ಕಾರಣ ಎಂದುಕೊಂಡರೆ ಕರುಣಾಕರನಿಗೆ ಒಂದಿಷ್ಟು ನಿದ್ದೆ ಬರುತ್ತಿತ್ತು. ದೇವರು ಮಾಡಿದ್ದು ದೇವರ ತಲೆಗೆ. ಆದರೆ ಅದನ್ನು ಗಟ್ಟಿಮಾಡಿಕೊಳ್ಳಬೇಕಾದರೆ ಹರಕೆ ಸಂದಾಯವಾಗಬೇಕು, ಕಷ್ಟ ಇದ್ದದ್ದು ಅಲ್ಲಿ. ಕರುಣಾಕರನ ಊರ ಕಡೆ ಹರಕೆ ಹೇಳಿಕೊಳ್ಳುವುದು ಮನಸ್ಸಿನಲ್ಲಿ. ಸಂದಾಯ ಮಾಡುವುದು ಬಾಯಿ ಬಿಟ್ಟು. ಇಂಥವರು ಇಂಥದ್ದಕ್ಕೆ ಇಂಥದ್ದು ಹೇಳಿಕೊಂಡಿದ್ದರು, ಅದು ನಡೆಯಿತು, ಇಗೋ ತಂದಿದ್ದಾರೆ, ಮುಟ್ಟಿತೆಂದು ಒಪ್ಪಿಸಿಕೋ ಎಂದು ಗುಡಿಯಲ್ಲಿ ಯಾರಾದರೂ ಹತ್ತು ಜನಕ್ಕೆ ಕೇಳುವಂತೆ ಹೇಳಬೇಕು. ಅಮ್ಮನಿಗೆ ಅದು ಗೊತ್ತಿತ್ತು, ಅತ್ತೂರಿನಲ್ಲಿ ಹೇಳುವವರು ಯಾರೂ ಇಲ್ಲವೆಂದು ಅವರೇ ಗಟ್ಟಿಯಾಗಿ ಹೇಳಿದ್ದರು. ಟೈಫಾಯಿಡ್ ಎಂದು ಗಟ್ಟಿಯಾಗಿ ಹೇಳಬಹುದು.

ಕಾರಿನಲ್ಲಿ ಅನ್ನಪೂರ್ಣವ್ವನೂ ಬಂದರು. ಇಳಕಲ್ ಸೀರೆಯ ಮೇಲೆ ಮಗನ ಕಪ್ಪು ಜಾಕೆಟು, ಕಾಲಿಗೆ ಮೊಮ್ಮಗಳ ಬಿಳಿ ಸ್ನೀಕರು. "ಮನ್ಯಾಗ ಕುಂತು ಗ್ವಾಡಿ ನೋಡಿ ನೋಡಿ ಸಾಕಾಗೈತಿ ತಮ್ಮಾ. ಚರ್ಚರೆ ಇರಲಿ, ಮಸೂತಿರೆ ಇರಲಿ" ಎಂದು ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿಸಿಕೊಂಡರು. ಕರುಣಾಕರನ ಮಡಿಲಲ್ಲಿದ್ದ ಚೀಲದಿಂದ ತೆಂಗು ಲಿಂಬೆಯ ಪರಿಮಳ ಎದ್ದು, ಅವರು ಏನದು ಎಂದರು. ಮೇಣದಬತ್ತಿ ಎಂದ. ಯಾಕೆ ಎಂದರು. ಹರಕೆ ಎಂದ. ಎಪ್ಪತ್ತೆಂಟರ ಹೆಂಗಸಿಗೆ ಸುಳ್ಳು ಹೇಳಲು ಬೇಕಾಗುವ ಚುರುಕು ಅವನಲ್ಲಿ ಆ ಹೊತ್ತಿಗೆ ಇರಲಿಲ್ಲ.

"ನಿಮ್ಮ ಕಡೆ ಮಂದಿ ಭಾರೀ ಬಿಡ್ರಿ," ಎಂದು ಶಿವಪ್ರಕಾಶ ಸ್ಟಿಯರಿಂಗ್ ತಿರುಗಿಸುತ್ತ ನಕ್ಕ. "ಭೂತ, ನಾಗ, ಚರ್ಚು, ದರ್ಗಾ... ಒಂದೂ ಬಿಡಂಗಿಲ್ಲ. ಎಲ್ಲಾ ಕಡೆ ಖಾತೆ."

"ಯಾವುದು ಯಾವಾಗ ಬೇಕಾಗ್ತದೆ ಗೊತ್ತಿಲ್ಲಲ್ಲ ಮಾರಾಯ್ರೆ."

"ನಮ್ಮದು ಚಲೋ," ಎಂದರು ಅನ್ನಪೂರ್ಣವ್ವ, ಜಾಕೆಟಿನೊಳಗೆ ಕೈ ಹಾಕಿ ಎದೆಯ ಮೇಲಿನ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಮುಟ್ಟಿ. "ನಮ್ಮಪ್ಪ ಕೊಳ್ಳಾಗ ಅದಾನ. ಎಲ್ಲಿ ಹೋದ್ರೂ ಕೂಡೆ ಬರ್ತಾನ. ನಾ ಏನ್ ಮಾಡಿದ್ರೂ ನೋಡ್ತಾನ, ಒಂದ್ ತಾಪತ್ರಯ ಅಷ್ಟ."

ದೇವರನ್ನು ಜೊತೆಗೇ ಕಟ್ಟಿಕೊಂಡು ತಿರುಗುವ ಆ ಅನಾನುಕೂಲವನ್ನು ಕರುಣಾಕರ ಸ್ವಲ್ಪ ಹೊತ್ತು ಯೋಚಿಸಿದ. ಹೊರಗೆ ಟೈಲ್ಸ್ ಅಂಗಡಿ, ಟಯರ್ ಅಂಗಡಿ, ಕಾರು ತೊಳೆಯುವ ಜಾಗ. ಅವುಗಳ ನಡುವೆ ತಟಕ್ಕನೆ ಒಂದು ಹುಲ್ಲುಗಾವಲು, ಪೈನ್ ಮರಗಳ ಸಾಲು, ಕಪ್ಪುಕಲ್ಲಿನ ಸಣ್ಣ ಕಟ್ಟಡ. ನೂರೆಪ್ಪತ್ತು ವರ್ಷದ ಹಿಂದೆ ಜರ್ಮನ್ ರೈತರು ಕಟ್ಟಿಕೊಂಡ ಚರ್ಚೆಂದು ಫಲಕ ಹೇಳದಿದ್ದರೆ ದನದ ಕೊಟ್ಟಿಗೆ ಎನ್ನಬಹುದಿತ್ತು. ಆ ಏಳುನೂರು ವರ್ಷದ ಗೋಪುರಕ್ಕೆ ಇದು ಶಾಖೆ ಎಂದು ಒಪ್ಪಲು ದೇವರಿಗೆ ದೊಡ್ಡ ಮನಸ್ಸು ಬೇಕು. ಕರುಣಾಕರ ಬಾಗಿಲಲ್ಲಿ ಶೂ ಬಿಚ್ಚಿದ. ಅದನ್ನು ನೋಡಿ ಅನ್ನಪೂರ್ಣವ್ವನೂ ಸ್ನೀಕರು ಬಿಚ್ಚಿದರು. ತಾಯಿ ಬಿಚ್ಚಿದ ಮೇಲೆ ಶಿವಪ್ರಕಾಶ ಸುಮ್ಮನಿರುವ ಹಾಗಿರಲಿಲ್ಲ. ಒಳಗೆ ಜ್ಯಾಮಿನ ಬಾಟಲಿಗಳ ಮೇಜಿನ ಹಿಂದೆ ವಾಲಂಟಿಯರ್ ಬ್ಯಾಡ್ಜ್ ಹಾಕಿಕೊಂಡಿದ್ದ ಮುದುಕಿ ಮೂರು ಜೊತೆ ಕಾಲ್ಚೀಲಗಳನ್ನು ನೋಡಿ, "ಓ, ದಟ್ಸ್ ನಾಟ್ ನೆಸೆಸರಿ" ಎಂದಳು. ಮೇಣದಬತ್ತಿ ಹಚ್ಚಬಹುದೇ ಎಂದದ್ದಕ್ಕೆ ಅವಳ ಮುಖದಲ್ಲಿ ನಿಜವಾದ ಮರುಕ ಮೂಡಿತು. "ಓ ಡಿಯರ್, ನೋ. ಇನ್ಶೂರೆನ್ಸ್." ಡಬ್ಬಿ ತೆಗೆದುಕೊಂಡು ಮೂಸಿದಳು. ಬೇಕಿದ್ದರೆ ರಾಫಲ್ ಲಾಟರಿಗೆ ಇಡಬಹುದು, ಛಾವಣಿ ರಿಪೇರಿಗೆ ಹಣ ಸೇರಿಸುತ್ತಿದ್ದೇವೆ, ಮೂರನೆಯ ಬಹುಮಾನಕ್ಕೆ ಇನ್ನೂ ಏನೂ ಬಂದಿಲ್ಲ ಎಂದಳು. ಕರುಣಾಕರ ಆಗಲಿ ಎಂದ. ಅವಳು ಹರಕೆಯ ಮೇಲೆ "3" ಎಂಬ ಸ್ಟಿಕರ್ ಅಂಟಿಸಿ, ಕಿಟಕಿಯ ಕೆಳಗೆ ಒಂದು ಹೂದಾನಿ ಮತ್ತು ಒಂದು ಟೋಸ್ಟರಿನ ಪಕ್ಕದಲ್ಲಿಟ್ಟಳು.

"ಆತೇನು? ಇಷ್ಟನ?" ಎಂದರು ಅನ್ನಪೂರ್ಣವ್ವ. "ಯಾರೂ ಏನೂ ಹೇಳಂಗಿಲ್ಲನು?"

"ನಮ್ಮಲ್ಲಾದರೆ ಹೇಳ್ತಾರೆ ಅಮ್ಮ. ಇಲ್ಲಿ ಹೇಳುವವರಿಲ್ಲ."

"ನಾ ಹೇಳ್ತೀನಿ ತಗೋ. ದೊಡ್ಡಾಕಿ ಅದೀನಿ. ಏನಂತ ಬೇಡಿದ್ದಿ?"

ಶಿವಪ್ರಕಾಶ ಐದು ಹೆಜ್ಜೆ ಆಚೆ, ಗೋಡೆಗೆ ತೂಗುಹಾಕಿದ್ದ ಫೋಟೋದಲ್ಲಿ ಗಡ್ಡದ ರೈತರ ಹೆಸರು ಓದುತ್ತಿದ್ದ. ಮಗಳ ಮದುವೆ ಎನ್ನಬಹುದಿತ್ತು. ಹೆಂಡತಿಯ ಮಂಡಿ ಎನ್ನಬಹುದಿತ್ತು. ಮಂಡಿ ನೋವು ಗುಣವಾಗಿರಲಿಲ್ಲ, ಅದೊಂದು ತೊಡಕು. ಸಂದಾಯದ ಹೊತ್ತಿನಲ್ಲಿ ಸುಳ್ಳು ಹೇಳಿದವರ ಗತಿಯ ಬಗ್ಗೆ ಅಮ್ಮ ಹೇಳುತ್ತಿದ್ದ ಮೂರು ಕಥೆಗಳಲ್ಲಿ ಒಂದರಲ್ಲಿಯೂ ಯಾರೂ ಬದುಕಿ ಉಳಿದಿರಲಿಲ್ಲ. "ಕೆಲಸ ಉಳಿಯಲಿ ಅಂತ," ಎಂದ ಕರುಣಾಕರ. ಧ್ವನಿ ತಗ್ಗಿಸಿದ್ದ; ಆದರೆ ಇದು ಗೋಪುರವಿಲ್ಲದ ಚರ್ಚು, ಮಾತು ಹೋಗಲು ಬೇರೆ ಜಾಗವಿರಲಿಲ್ಲ.

ಅನ್ನಪೂರ್ಣವ್ವ ಜಾಕೆಟಿನ ಮೇಲೆ ಸೆರಗು ಹೊದ್ದು, ಎದೆಯ ಮೇಲೆ ಒಂದು ಕೈಯಿಟ್ಟು, ಮರದ ಶಿಲುಬೆಯ ಮುಂದೆ ನಿಂತರು. "ಎಪ್ಪಾ, ನೀ ಯಾರೋ ಏನೋ, ನಾ ನಿನ್ನ ಒಕ್ಕಲಲ್ಲ. ಈ ಕರುಣಾಕರ ಅಂಬಾವ, ಉಡುಪಿ ಕಡ್ಯಾವ, ನನ್ನ ಮಗನ ಗೆಣೆಯಾ, ನನ್ನ ನೌಕರಿ ಉಳಸು ಅಂತ ನಿನಗ ಬೇಡಿದ್ದ. ಉಳಿಸೀದಿ. ಮಾತಿನಂಗ ಮೇಣಬತ್ತಿ ತಂದಾನ. ಹಚ್ಚಾಕ ಬಿಡವಲ್ರು. ಅದು ಈ ಮುದುಕಿ ತಪ್ಪು, ಇವಂದಲ್ಲ. ಮುಟ್ಟಿತು ಅನ್ನು."

"ಈಸ್ ಶಿ ಆಲ್‌ರೈಟ್?" ಎಂದಳು ಬ್ಯಾಡ್ಜಿನ ಮುದುಕಿ.

"ಪ್ರೇಯಿಂಗ್," ಎಂದ ಶಿವಪ್ರಕಾಶ.

"ಓ, ಲವ್ಲೀ."

ಶಿವಪ್ರಕಾಶ ತಾಯಿಯ ಕೈಗೆ ಒಂದು ಜ್ಯಾಮಿನ ಬಾಟಲಿ ಕೊಟ್ಟು, ಸಕ್ಕರೆ ಎಷ್ಟಿದೆ ಕೇಳು ಎಂದು ಕಳಿಸಿ ಹೊರಗೆ ಬಂದ. ಕರುಣಾಕರ ಹಿಂದೆಯೇ ಬಂದ. ಇಬ್ಬರೂ ಮೆಟ್ಟಿಲ ಮೇಲೆ ಕುಳಿತು ಶೂ ಲೇಸು ಕಟ್ಟತೊಡಗಿದರು. ಬಗ್ಗಿ ಲೇಸು ಕಟ್ಟುವಾಗ ಯಾರ ಮುಖವೂ ಯಾರಿಗೂ ಕಾಣುವುದಿಲ್ಲ. ಇನ್ನೊಂದು ಸಲ ಇಂಥ ಅನುಕೂಲ ಸಿಗಲಾರದು ಎಂದು ಕರುಣಾಕರನಿಗೆ ಅನ್ನಿಸಿತು. ಶಾಂಭವಿ ಬಾಗಿಲಲ್ಲಿ ನಿಂತದ್ದು ನೆನಪಾಯಿತು, ಕಂಬದ ಹಿಂದಿನ ಕಲ್ಲಿನ ತೊಟ್ಟಿ ನೆನಪಾಯಿತು, ಅದರ ತಳದಲ್ಲಿ ಒಣಗಿದ ಒಂದು ಎಲೆ ಇತ್ತು.

"ನಾನು ಹರಕೆ ಹೇಳಿಕೊಂಡದ್ದು ಮಾತ್ರ ಅಲ್ಲ," ಎಂದ ಎಡಗಾಲಿನ ಲೇಸಿಗೆ. "ಅಲ್ಲಿ, ಜರ್ಮನಿಯಲ್ಲಿ, ಚರ್ಚಿನ ಒಳಗೆ ಇರುವಾಗಲೇ ವಿಕ್ರಮ್ ಫೋನ್ ಮಾಡಿದ್ದ. ನಿಮ್ಮ ಬಗ್ಗೆ ಕೇಳಿದ. ನಾನು ಹೇಳಿದೆ. ನಿಮ್ಮ ತಂದೆ ಹೋದದ್ದು, ನಿದ್ದೆ ಇಲ್ಲದ್ದು, ಜೂನಿನ ರಿಲೀಸು. ನೀವು ಮೆಟ್ರೋದಲ್ಲಿ ಹೇಳಿದ್ದೆಲ್ಲ ಹೇಳಿದೆ."

ಹೇಳಿ ಮುಗಿದ ಮೇಲೆ ಅವನಿಗೆ ಒಂದು ಬಗೆಯ ಹಗುರ, ಅದರ ಜೊತೆಗೇ ಸಣ್ಣದೊಂದು ಹೆಮ್ಮೆ. ಇಷ್ಟು ದೊಡ್ಡ ತಪ್ಪನ್ನು ಇಷ್ಟು ಸ್ಪಷ್ಟವಾಗಿ ಎಷ್ಟು ಜನ ಒಪ್ಪಿಕೊಂಡಾರು? ಬೈಗುಳಕ್ಕೆ, ಬೇಕಿದ್ದರೆ ಒಂದು ಏಟಿಗೂ, ಅವನು ಬೆನ್ನು ಸಿದ್ಧ ಮಾಡಿಕೊಂಡ.

"ಎಷ್ಟನೇ ತಾರೀಖು?" ಎಂದ ಶಿವಪ್ರಕಾಶ.

"ಸೆಪ್ಟೆಂಬರ್ ಹದಿನೆಂಟು. ಗುರುವಾರ."

"ಅಲ್ಲಿ ಎಷ್ಟ್ ಗಂಟೆ?"

"ಬೆಳಿಗ್ಗೆ ಹತ್ತು. ಯಾಕೆ?"

"ಅಂದ್ರ ಸಿಡ್ನ್ಯಾಗ ಸಂಜಿ ಆರು." ಶಿವಪ್ರಕಾಶ ಲೇಸು ಬಿಗಿದು, ಎದ್ದು ನಿಂತು ಎರಡು ಹೆಜ್ಜೆ ನಡೆದು ನೋಡಿದ. "ನನಗ ಆರೂ ಹತ್ತಕ್ಕ ಬಂತು. ನಿಮ್ಮ ಜೋಡಿ ಮುಗಿಸಿ ನನಗ ಮಾಡ್ಯಾನ. ಕರುಣಾಕರನ ಬಗ್ಗೆ ನಿನಗ ಏನ್ ಅನಸ್ತೈತಿ, ಆಫ್ ದಿ ರೆಕಾರ್ಡ್, ಅಂದ."

ಪೈನ್ ಮರದಲ್ಲಿ ಒಂದು ಕಾಕಟೂ ಗಿಳಿ ಕಾಯಿಯನ್ನು ಕಡಿದು ಕೆಳಗೆ ಹಾಕಿತು.

"ನೀವು ಎಂತ ಹೇಳಿದಿರಿ?"

"ಹೇಳಿದೆ. ನಂದು ನಡೀಲಿಲ್ಲ, ನಿಮ್ಮದು ನಡೀತು. ಅಷ್ಟರಿ." ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಮ್ಯಾಚು ಸೋತ ಮೇಲೆ ಪಿಚ್ಚಿನ ಬಗ್ಗೆ ಮಾತಾಡುವವನ ಹಾಗಿದ್ದ. "ನಿಮಗ ಸಂಕಟ ಆಗಿದ್ರ ಬಿಡ್ರಿ. ಶಾಂಭವಿ ಮುಂದ ನಿಮ್ಮನ್ನ ಹೊಗಳಿ ಹೊಗಳಿ ನನಗೂ ಸಾಕಾಗೇತಿ."

ಅನ್ನಪೂರ್ಣವ್ವ ಎರಡು ಬಾಟಲಿ ಜ್ಯಾಮು ಹಿಡಿದು ಬಂದರು. ಮುದುಕಿ ಒಂದಕ್ಕೆ ಕಾಸು ತೆಗೆದುಕೊಂಡಿರಲಿಲ್ಲ. ಕಾರು ಹೊರಟಿತು. ಟಯರ್ ಅಂಗಡಿ, ಟೈಲ್ಸ್ ಅಂಗಡಿ. ಕರುಣಾಕರನ ಕಿವಿ ಬಿಸಿಯಾಗಿತ್ತು. ಆರು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಿರಬೇಕಾದ ಜಾಗದಲ್ಲಿ ಈಗ ಬೇರೆ ಏನೋ ಎದ್ದು ಕುಳಿತಿತ್ತು. ಪಕ್ಕದ ಮೇಜಿನಲ್ಲಿ ಆರು ವರ್ಷ ಊಟದ ಡಬ್ಬಿ ಹಂಚಿಕೊಂಡವನು! ತಾನು ರಾತ್ರಿ ಕುಳಿತು ಇವನ ತಪ್ಪನ್ನು ಸರಿಮಾಡಿದ್ದು ಇದಕ್ಕೆಯೇ?

"ಅಲ್ಲ, ನನ್ನ ಬಗ್ಗೆ ಹೇಳಲಿಕ್ಕೆ ಎಂತ ಉಂಟು?" ಎಂದ, ನಗುವಂತೆ ಮಾಡಿ.

"ಬಿಡ್ರಿ ಈಗ ಯಾಕ?"

"ಹಾಗಲ್ಲ ಮಾರಾಯ್ರೆ, ನಾನು ಎಲ್ಲ ಬಿಡಿಸಿ ಹೇಳಿದೆ. ನೀವೂ ಹೇಳಬೇಕಲ್ವಾ. ಆ ಬ್ಯಾಂಕಿನ ಪ್ರಾಜೆಕ್ಟಿನದ್ದಾ?"

"ಬ್ಯಾಂಕಿನ ಪ್ರಾಜೆಕ್ಟಿನಾಗ ಏನ್ ಮಾಡಿದ್ರಿ?" ಎಂದು ಶಿವಪ್ರಕಾಶ ಕುತೂಹಲದಿಂದ ತಿರುಗಿದ.

"ಎಂತದೂ ಇಲ್ಲ."

ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಹಿಂದಿನ ಸೀಟಿನಲ್ಲಿ ಅನ್ನಪೂರ್ಣವ್ವ ಜ್ಯಾಮಿನ ಮುಚ್ಚಳವನ್ನು ಸೆರಗಿನಲ್ಲಿ ಹಿಡಿದು ತಿರುಗಿಸಲು ನೋಡುತ್ತಿದ್ದರು.

"ಒಂದು ಸುಳಿವಾದರೂ ಕೊಡಿ," ಎಂದ ಕರುಣಾಕರ.

ಶಿವಪ್ರಕಾಶ ರಸ್ತೆಯನ್ನೇ ನೋಡುತ್ತ ಗೇರಿನ ಮೇಲೆ ಕೈಯಿಟ್ಟ. "ಸುಳ್ಳೇನೂ ಹೇಳಿಲ್ಲ," ಎಂದ. "ಅಷ್ಟು ತಿಳ್ಕೋರಿ."

ಹಸಿರು ಬಂತು. ಬ್ಯಾಂಕಿನದ್ದಲ್ಲ ಎಂದಾದರೆ, ಆಡಿಟ್‌ನ ದಿನ ತಾರೀಖು ತಿದ್ದಿದ್ದು ಇರಬಹುದು. ಅದನ್ನು ಶಿವಪ್ರಕಾಶ ನೋಡಿದ್ದನೇ? ಹೊಸದಾಗಿ ಸೇರಿದ್ದ ಮಹಾಶ್ವೇತಾ ಬರೆದ ವರದಿಗೆ ತನ್ನ ಹೆಸರು ಹಾಕಿ ಕಳಿಸಿದ್ದು? ಮನೆಯಿಂದ ಕೆಲಸ ಎಂದು ಹೇಳಿ ದಿನವಿಡೀ ಮಗಳ ಡ್ರೈವಿಂಗ್ ಟೆಸ್ಟಿಗೆ ಹೋಗಿದ್ದು? ಹಿಂದೆ ಜೊತೆಗಿದ್ದ ಯತೀಶನ ಬಗ್ಗೆ, ಅವನು ಕೆಲಸ ಬಿಟ್ಟು ಹೋಗುವ ಮೊದಲು, ಇದೇ ವಿಕ್ರಮ್‌ಗೆ... ಕರುಣಾಕರ ಕಿಟಕಿಯ ಕಡೆ ತಿರುಗಿ ಕುಳಿತ. ಎಪ್ಪಿಂಗ್ ಬರುವಷ್ಟರಲ್ಲಿ ಅಂಥವು ಹನ್ನೊಂದು ಸಿಕ್ಕಿದ್ದವು, ಹನ್ನೊಂದರಲ್ಲಿ ಯಾವುದನ್ನು ಹೇಳಿದ್ದರೂ ಅದು ನಿಜವೇ ಆಗುತ್ತಿತ್ತು. ಮನೆ ಮುಂದೆ ಕಾರು ನಿಲ್ಲಿಸಿ ಶಿವಪ್ರಕಾಶ ಇಳಿದು ತಾಯಿಯ ಬೆಲ್ಟು ಬಿಚ್ಚಿದ. ಕರುಣಾಕರ ಮಾತ್ರ ಹನ್ನೆರಡನೆಯದನ್ನು ಹುಡುಕುತ್ತ ಒಳಗೇ ಕುಳಿತಿದ್ದ.